ಮೂರು ಸಲ ಉರಿದ ಓವನ್

“ಈ ಗಾಜಿನ ಒಲೆಗೆ ಹಿಟ್ಟು ಮೆತ್ತಿದ ಕೈ ಅರ್ಥ ಆಗುತ್ತೇನಪ್ಪಾ?”

ಕೇಕಮ್ಮ ಕೇಳಿದ ಧಾಟಿಗೇ ಟೈ ಕಟ್ಟಿದ ಮಾರಾಟಗಾರ ಒಂದು ಹೆಜ್ಜೆ ಹಿಂದೆ ಸರಿದ. ಅವನ ಉತ್ತರಕ್ಕೆ ಅವರು ಕಾಯಲಿಲ್ಲ. ಚೀಲದಿಂದ ಸಣ್ಣ ಡಬ್ಬಿಯೊಂದನ್ನು ತೆಗೆದು ಅಂಗೈಗೆ ಮೈದಾ ಸುರಿದುಕೊಂಡರು, ಮೇಲೆ ನೀರು ಚಿಮುಕಿಸಿಕೊಂಡರು, ಆ ಕಪ್ಪು ಗಾಜಿನ ಮೇಲೆ ಬೆರಳೊತ್ತಿದರು. ಒಲೆ ಕೀಂಯ್ ಎಂದು ಕೂಗಿ ತನ್ನಷ್ಟಕ್ಕೆ ಆರಿಹೋಯಿತು.

“ಇದು ಒಲೆಯಲ್ಲ, ಮುಟ್ಟಿದರೆ ಮುನಿ.”

ಮಾರಾಟಗಾರ ಕರವಸ್ತ್ರದಿಂದ ಗಾಜು ಒರೆಸತೊಡಗಿದ. “ಇಂಡಕ್ಷನ್ ಅಂದ್ರೆ ಹಾಗೇ ಅಮ್ಮ. ಕೈ ಒಣಗಿರ್ಬೇಕು.”

“ಅಡುಗೆಮನೇಲಿ ಒಣಗಿದ ಕೈ ಇರೋದು ಊಟಕ್ಕೆ ಬಂದ ನೆಂಟರಿಗೆ ಮಾತ್ರ,” ಎಂದು ಕೇಕಮ್ಮ ಮುಂದಿನ ಒಲೆಯ ಕಡೆ ನಡೆದರು. ನಾನು ಅವರ ಚೀಲ ಹೊತ್ತುಕೊಂಡು ಹಿಂದೆ ನಡೆದೆ. ಪತ್ತೇದಾರಿಕೆಗೆ ಅಂತ ಬಂದವಳು ಪಾತ್ರೆ ಹೊರುವ ಸ್ಥಿತಿಗೆ ಬಂದಿದ್ದೆ.

ಇಲ್ಲಿಯವರೆಗಿನ ಕಥೆ ಇಷ್ಟೇ: ಕೇಕಮ್ಮನ ಮನೆಯ ಓವನ್ ಮೂರು ಸಲ ತಾನಾಗಿ ಉರಿದಿದೆ, ಮೂರು ಸಲವೂ ಜೊತೆಗಿರುವ ಮಗ ಸೊಸೆ ಕೆಲಸಕ್ಕೆ ಹೋಗಿ ಮನೆಯಲ್ಲಿದ್ದವರು ಅವರೊಬ್ಬರೇ, ಮತ್ತು ಇದು ಮರೆವಿನ ಕಾಯಿಲೆ ಎಂದು ನಾಳೆ ಡಾಕ್ಟರು ಬರೆದುಕೊಟ್ಟರೆ ಅವರ ಮನೆ, ಅಡುಗೆಮನೆ, ಸಹಿ ಎಲ್ಲವೂ ಮಕ್ಕಳ ಕೈಗೆ ಹೋಗುತ್ತದೆ.

“ನಾನು ಮರೆತಿಲ್ಲ” ಎಂದು ಅವರು ಹೇಳುತ್ತಾರೆ. ಅದನ್ನು ನಂಬಿದವಳು ಸದ್ಯಕ್ಕೆ ನಾನೊಬ್ಬಳೇ.

ಕೇಕಮ್ಮನಿಗೆ ಅರವತ್ತೇಳು ವರ್ಷ, ಕುಳ್ಳು ಮೈಕಟ್ಟು, ಹಿಟ್ಟು ನಾದಿ ನಾದಿ ಗಟ್ಟಿಯಾದ ಮುಂಗೈ. ಅವರ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಹುಟ್ಟುಹಬ್ಬವಾದರೂ ಕೇಕು ಬರುವುದು ಅವರ ಓವನ್ನಿನಿಂದ. ನಾನಾದರೋ ಮೊದಲು ವಿಮಾ ಕಂಪನಿಯಲ್ಲಿ ಸುಟ್ಟ ಮನೆಗಳ ತನಿಖೆ ಮಾಡುತ್ತಿದ್ದವಳು. ಬೂದಿ ಕೆದಕುವುದು ಬರುತ್ತದೆ, ಅಡುಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಒಲೆ ಹಚ್ಚುವುದು ನನ್ನ ಗಂಡ, ಅದಕ್ಕೆ ಇನ್ನೂ ಇಬ್ಬರೂ ಬದುಕಿದ್ದೇವೆ.

“ನಾಳೆ ಡಾಕ್ಟ್ರು ಬರ್ತಾರೆ. ಇವತ್ತು ಹೊಸ ಓವನ್ನು, ಹೊಸ ಗ್ಯಾಸ್ ಹಾಬು ತರೋಣ ನಡಿ,” ಎಂದು ಬೆಳಿಗ್ಗೆ ಅವರು ಅಂದಾಗ ನನಗೇ ಸಿಟ್ಟು ಬಂದಿತ್ತು. ಮನೆ ಸುಡುತ್ತಾಳೆ ಎಂದು ಲೋಕವೆಲ್ಲ ಬೆರಳು ತೋರಿಸುತ್ತಿರುವಾಗ ಒಲೆ ಕೊಳ್ಳಲು ಹೊರಡುವವರುಂಟೇ?

“ಅದಕ್ಕೇ ಕಣಮ್ಮ ತರೋದು. ಹೆದರಿಕೊಂಡು ಒಲೆ ಬಿಟ್ಟಳು ಅಂತಾದ್ರೆ ಅವರು ಗೆದ್ದ ಹಾಗೆ,” ಎಂದಿದ್ದರು.

ಗ್ಯಾಸ್ ಒಲೆಗಳ ಸಾಲಿನಲ್ಲಿ ಮಾರಾಟಗಾರನಿಗೆ ಮತ್ತೆ ಉತ್ಸಾಹ ಬಂತು. ಐದು ಬರ್ನರಿನ ಹಾಬೊಂದನ್ನು ತೋರಿಸಿ, ದೊಡ್ಡ ಸಂಸಾರಕ್ಕೆ ಹೇಳಿ ಮಾಡಿಸಿದ್ದು ಎಂದ. ಕೇಕಮ್ಮ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಮನೆಯಿಂದ ತಂದಿದ್ದ ಎರಡು ಪಾತ್ರೆಗಳನ್ನು ಅದರ ಮೇಲೆ ಇಟ್ಟರು. ಒಂದು ಕೂತರೆ ಇನ್ನೊಂದರ ಹಿಡಿ ಹೊರಗೆ ನೇತಾಡುತ್ತಿತ್ತು.

“ಬಾಯಿ ಐದು, ಕೂರೋಕೆ ಜಾಗ ಒಬ್ಬರಿಗೆ. ತೆಗಿ.”

ಇನ್ನೊಂದರ ತಿರುಗುಗುಂಡಿಗಳು ಹಿಂದಿನ ಬರ್ನರಿನ ಪಕ್ಕದಲ್ಲಿದ್ದವು. ಉರಿಯ ಮೇಲೆ ಕೈ ಚಾಚಿ ಆರಿಸುವ ಒಲೆ ಮಾಡಿದವನು ಯಾವತ್ತೂ ಸೀರೆ ಸೆರಗು ಹೊದ್ದವನಲ್ಲ ಎಂದು ಅದನ್ನೂ ತಳ್ಳಿಹಾಕಿದರು. ಕೊನೆಗೆ ಮೂರು ಬರ್ನರಿನ ಅಗಲವಾದ ಒಂದು ಹಾಬಿನ ಮುಂದೆ ನಿಂತರು. ಗುಂಡಿಗಳು ಮುಂದೆ, ಬೀಡುಕಬ್ಬಿಣದ ಭಾರವಾದ ಜಾಲರಿ. ಹಚ್ಚಲು ಹೇಳಿದರು. ಹಚ್ಚಿದ ಮೇಲೆ ಬಗ್ಗಿ ಉಫ್ ಎಂದು ಊದಿ ಉರಿ ಆರಿಸಿದರು.

“ಅಮ್ಮಾ, ಏನ್ ಮಾಡ್ತಿದ್ದೀರಿ,” ಎಂದು ಮಾರಾಟಗಾರ ಗಾಬರಿಯಾದ.

“ಷ್.” ಅವರು ಒಲೆಗೆ ಕಿವಿ ಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಎಂದು ಸದ್ದಾಯಿತು. ಗ್ಯಾಸ್ ತಾನಾಗಿ ನಿಂತಿತ್ತು. “ಹಾಂ. ಉರಿ ಆರಿದ್ರೆ ಬಾಯಿ ಮುಚ್ಕೊಳ್ಳುತ್ತೆ. ಇದು ಬುದ್ಧಿ ಇರೋ ಒಲೆ. ಇದಿರ್ಲಿ.”

ನಾನು ಕೈಕಟ್ಟಿ ನೋಡುತ್ತಿದ್ದೆ. ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ಬರೆಯುವ ಡಾಕ್ಟರನ್ನು ಒಂದು ಗಳಿಗೆ ಇಲ್ಲಿ ನಿಲ್ಲಿಸಬೇಕಿತ್ತು ಅನಿಸಿತು.

ಆಮೇಲೆ ಓವನ್. ಅಲ್ಲಿಯೂ ಕೇಕಮ್ಮ ತಮ್ಮ ತಟ್ಟೆಯನ್ನೇ ತಂದಿದ್ದರು. ಹೊರಗೆ ಅರಮನೆಯಂತೆ ಕಾಣುವ ಎರಡು ಓವನ್ನುಗಳ ಒಳಗೆ ಆ ತಟ್ಟೆ ಅಡ್ಡಲಾಗಿಯೂ ಹೋಗಲಿಲ್ಲ, ಉದ್ದಲಾಗಿಯೂ ಹೋಗಲಿಲ್ಲ. ಮೂರನೆಯದರಲ್ಲಿ ಸರಾಗವಾಗಿ ಜಾರಿತು. ಮಾರಾಟಗಾರನ ಮುಖ ಅರಳಿತು.

“ಒಳ್ಳೇದನ್ನೇ ಹಿಡಿದ್ರಿ. ಇದನ್ನ ಫೋನಿನಿಂದಾನೇ ಹಚ್ಚಬಹುದು ಅಮ್ಮ. ನೀವು ಆಫೀಸಲ್ಲಿದ್ರೂ, ಬಸ್ಸಲ್ಲಿದ್ರೂ. ಮನೆಗೆ ಬರೋ ಹೊತ್ತಿಗೆ ಬಿಸಿ ಆಗಿರುತ್ತೆ. ನೋಡಿ.”

ಅವನು ಓವನ್ನಿನ ಮೇಲಿದ್ದ ಫೋನಿನ ಚಿತ್ರದ ಗುಂಡಿಯನ್ನು ಒತ್ತಿ, ಜೇಬಿನಿಂದ ತನ್ನ ಫೋನು ತೆಗೆದು, ದೊಡ್ಡ ಜಾದೂಗಾರನಂತೆ ಬೆರಳಾಡಿಸಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಓವನ್ ಕಲ್ಲಿನ ಹಾಗೆ ಕೂತಿತ್ತು.

“ಬಸ್ಸಲ್ಲಿ ಕೂತೋರು ಉಪವಾಸ,” ಎಂದೆ ನಾನು.

ಅವನು ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. ಓವನ್ನಿನ ಬಾಗಿಲಿಗೆ ಯಾರೋ ಮರದ ಸೌಟು ಸಿಗಿಸಿದ್ದರು. ಬಾಗಿಲು ಒಂದು ಬೆರಳಿನಷ್ಟು ತೆರೆದುಕೊಂಡಿತ್ತು.

“ಅಯ್ಯೋ, ನಾನೇ ಕಣಪ್ಪ,” ಎಂದರು ಕೇಕಮ್ಮ. “ಪ್ರದರ್ಶನಕ್ಕಿಟ್ಟಿದ್ದ ಸೌಟು ಕೈಗೆ ಸಿಕ್ತು, ಸಿಗಿಸಿಬಿಟ್ಟೆ. ಕೈಗೆ ರೂಢಿಯಾಗಿಹೋಗಿದೆ. ಬೇಯಿಸಿ ಆದ್ಮೇಲೆ ಓವನ್ ಬಾಗಿಲು ಮುಚ್ಚಿಡಬಾರದು. ಒಳಗೆ ಹಬೆ ನಿಂತು ತಟ್ಟೆ ತುಕ್ಕು ಹಿಡಿಯುತ್ತೆ, ಮುಗ್ಗಲು ವಾಸನೆ ಬರುತ್ತೆ. ಹೊಸ ಸೊಸೆಯಾಗಿದ್ದಾಗಿಂದ ಹೀಗೇ ಮಾಡ್ಕೊಂಡು ಬಂದಿದ್ದೀನಿ.”

“ಬಾಗಿಲು ತೆಗೆದಿದ್ರೆ ಫೋನಿನ ಮಾತು ಓವನ್ ಕೇಳಲ್ಲ ಅಮ್ಮ. ಸುರಕ್ಷತೆಗೆ ಹಾಗೆ ಮಾಡಿರ್ತಾರೆ. ಮನೇಲಿ ಇರೋರು ಒಬ್ರು ಬಾಗಿಲು ಮುಚ್ಚಿ ಈ ಗುಂಡಿ ಒತ್ತಿಟ್ಟಿರ್ಬೇಕು. ಆಗ ಓವನ್ ತಯಾರಿದೆ ಅಂತ ಫೋನಿಗೆ ಸುದ್ದಿ ಹೋಗುತ್ತೆ. ಆಮೇಲೆ ಯಾವೂರಿಂದ ಬೇಕಾದ್ರೂ ಹಚ್ಚಿ. ಮಧ್ಯೆ ಯಾರಾದ್ರೂ ಬಾಗಿಲು ತೆಗೆದ್ರೋ, ಮತ್ತೆ ಮೊದಲಿಂದ ಶುರು.”

ಅವನು ಸೌಟು ತೆಗೆದು ಬಾಗಿಲು ಮುಚ್ಚಿದ, ಗುಂಡಿ ಒತ್ತಿದ. ಫೋನು ಟಿಣ್ ಎಂದಿತು. ಬೆರಳಾಡಿಸಿದ. ಓವನ್ನಿನ ಒಳಗೆ ದೀಪ ಹತ್ತಿ, ಫ್ಯಾನು ಗುಂಯ್ ಎಂದು ಸುತ್ತತೊಡಗಿತು. ಅದರ ಹತ್ತಿರ ಯಾರೂ ನಿಂತಿರಲಿಲ್ಲ.

ಕೇಕಮ್ಮನ ಕಡೆ ನೋಡಿದೆ. ತಟ್ಟೆಯನ್ನು ಎದೆಗೆ ಅವಚಿಕೊಂಡು ಆ ದೀಪವನ್ನೇ ನೋಡುತ್ತಿದ್ದರು.

“ಪತ್ತೇದಾರಮ್ಮ,” ಎಂದರು ಮೆಲ್ಲಗೆ. “ನಮ್ಮನೆ ಓವನ್ನಲ್ಲೂ ಆ ಫೋನಿನ ಚಿತ್ರ ಇದೆ. ಕಂಪನಿಯವರಿಗೆ ಫೋನ್ ಮಾಡೋ ಗುಂಡಿ ಅಂದ್ಕೊಂಡಿದ್ದೆ. ನಾನ್ಯಾಕೆ ಅವರಿಗೆ ಫೋನ್ ಮಾಡ್ಲಿ ಅಂತ ಮುಟ್ಟೇ ಇರ್ಲಿಲ್ಲ.”

“ಆ ಓವನ್ ಕೊಂಡು ತಂದಿದ್ದು ಯಾರು?”

“ನಾನಲ್ಲ. ಎರಡು ವರ್ಷದ ಹಿಂದೆ ನನ್ನ ಹುಟ್ಟುಹಬ್ಬಕ್ಕೆ ಮಕ್ಕಳು ತಂದು ಕೂರಿಸಿದ್ರು. ಅದರ ಮುಂದೆ ದಿನವೆಲ್ಲಾ ನಿಲ್ಲೋಳನ್ನ ಒಂದು ಮಾತು ಕೇಳಲಿಲ್ಲ.” ಅವರು ಮಾರಾಟಗಾರನ ಕಡೆ ತಿರುಗಿದರು. “ಈ ಹಾಬು ಕಟ್ಟು. ಓವನ್ನು ಮಾತ್ರ ಫೋನು ಗೀನು ಇಲ್ಲದ್ದು ಕೊಡಪ್ಪ. ನನ್ನ ಕೈ ತಿರುಗಿಸಿದ್ರೆ ಹತ್ತಬೇಕು, ನನ್ನ ಕೈ ತಿರುಗಿಸಿದ್ರೆ ಆರಬೇಕು. ನಾಳೆ ಡಾಕ್ಟ್ರು ಬರೋದ್ರೊಳಗೆ ಮನೇಲಿರ್ಬೇಕು.”

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನಾನು ಎಲ್ಲವನ್ನೂ ಮತ್ತೆ ಮನಸ್ಸಿನಲ್ಲಿ ಹರಡಿಕೊಂಡೆ. ಮೊದಲನೇ ಸಲ, ಖಾಲಿ ಓವನ್ ಕೆಂಡದಂತೆ ಕಾದಿತ್ತು. ಎರಡನೇ ಸಲ, ಒಳಗಿದ್ದ ಪ್ಲಾಸ್ಟಿಕ್ ತಟ್ಟೆ ಕರಗಿತ್ತು. ಮೂರನೇ ಸಲ, ಕೇಕು ತುಂಬುವ ರಟ್ಟಿನ ಡಬ್ಬಿಗಳಿಗೆ ಓವನ್ ಒಳಗೇ ಬೆಂಕಿ ಹತ್ತಿ ಮನೆಯೆಲ್ಲ ಹೊಗೆ. ಪ್ರತಿ ಸಲವೂ ಕೇಕಮ್ಮ ನಸುಕಿನಿಂದ ದುಡಿದು ಮಧ್ಯಾಹ್ನ ಮಲಗಿದ್ದ ಹೊತ್ತು. ಮೂರನೇ ಸಲವಂತೂ ಕೆಮ್ಮುತ್ತಾ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದರು.

ಮೂರನೇ ಬೆಂಕಿಯ ಮರುದಿನ ನಾನು ಅಡುಗೆಮನೆ ಜಾಲಾಡಿದ್ದೆ. ಮರದ ಸೌಟು ಡ್ರಾಯರಿನಲ್ಲಿ, ಚಮಚಗಳ ಮಧ್ಯೆ, ಮಸಿಯ ಗುರುತೂ ಇಲ್ಲದೆ ಮಲಗಿತ್ತು. ಅವತ್ತು ಅದು ಸೌಟು ಮಾತ್ರವಾಗಿತ್ತು. ಈಗ ಅರ್ಥವಾಯಿತು: ಯಾರೋ ಅದನ್ನು ಬಾಗಿಲಿನಿಂದ ತೆಗೆದು, ಡಬ್ಬಿಗಳನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಗುಂಡಿ ಒತ್ತಿ, ಸೌಟನ್ನು ಅಚ್ಚುಕಟ್ಟಾಗಿ ಡ್ರಾಯರಿಗೆ ಹಾಕಿ ಕೆಲಸಕ್ಕೆ ಹೋಗಿದ್ದರು.

“ಸೊಸೆ ಮೇಲೆ ನನಗೆ ಅನುಮಾನ,” ಎಂದೆ.

ಕೇಕಮ್ಮ ನಕ್ಕರು. “ನಿನಗೂ ಸೊಸೆನೇ ಕಂಡ್ಲಾ? ಅವಳಿಗೆ ನನ್ನ ಮೇಲೆ ಕೋಪ ಇದೆ, ಇಲ್ಲ ಅನ್ನಲ್ಲ. ಆದ್ರೆ ಅವಳು ಕೋಪ ಬಂದ್ರೆ ಪಾತ್ರೆ ಕುಕ್ಕಿ ಹೇಳ್ತಾಳೆ. ಬೆನ್ನ ಹಿಂದೆ ಬೆಂಕಿ ಇಡೋ ಜಾತಿಯಲ್ಲ.”

“ಹಾಗಾದ್ರೆ ಮಗ.”

ಅವರು ಕಿಟಕಿಯ ಹೊರಗೆ ನೋಡಿದರು. “ಅವನು ಹಲ್ಲಿನ ಡಾಕ್ಟ್ರು ಕಣಮ್ಮ. ಮೂರು ಸಲವೂ ಆಸ್ಪತ್ರೇಲಿ ಯಾರದೋ ಬಾಯಲ್ಲಿ ಕೈ ಇಟ್ಕೊಂಡಿದ್ದ. ನೀನೇ ವಿಚಾರಿಸಿದ್ದೀಯ.”

“ಮಗಳು?”

“ಪುಟ್ಟಿನಾ?” ಅವರ ದನಿ ಏರಿತು. “ಅವಳು ಬೇರೆ ಊರಲ್ಲಿದ್ದಾಳೆ. ದಿನಾ ಫೋನ್ ಮಾಡಿ ವಿಚಾರಿಸೋಳು ಅವಳೊಬ್ಬಳೇ. ಅಣ್ಣ ತಂಗಿ ಹಾವು ಮುಂಗುಸಿ, ವರ್ಷದಿಂದ ಮಾತಿಲ್ಲ, ಅದೂ ಅವಳು ನನ್ನ ಪರ ನಿಂತಿದ್ದಕ್ಕೆ. ಅವಳ ಹೆಸರು ಎತ್ತಬೇಡ.”

ನಾನು ಎತ್ತಲಿಲ್ಲ.

ಮನೆ ತಲುಪಿದಾಗ ಊಟದ ಹೊತ್ತು. ಹಲ್ಲಿನ ಡಾಕ್ಟರ ಆಸ್ಪತ್ರೆಗೂ ಸೊಸೆಯ ಔಷಧಿ ಅಂಗಡಿಗೂ ಮಧ್ಯಾಹ್ನ ಬಿಡುವು. ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತು ಹೊರಗಿನಿಂದ ತರಿಸಿದ ಊಟ ಬಿಚ್ಚುತ್ತಿದ್ದರು. ಮೂರನೇ ಬೆಂಕಿಯಾದ ಮೇಲೆ ಮಗ ಓವನ್ನಿನ ಸ್ವಿಚ್ ಆರಿಸಿ ಅದರ ಮೇಲೆ ಅಗಲವಾದ ಟೇಪು ಅಂಟಿಸಿದ್ದ, ಗ್ಯಾಸಿನ ಪೈಪು ಬಿಚ್ಚಿಸಿದ್ದ. ಓವನ್ನಿನ ಗಾಜು ಹೊಗೆ ಹಿಡಿದು ಕಂದಾಗಿತ್ತು. ಆದರೂ ಬಾಗಿಲಿಗೆ ಸೌಟು ಸಿಗಿಸಿತ್ತು. ಬೇಯಿಸದೇ ಇದ್ದರೂ ಕೇಕಮ್ಮನ ಕೈ ಸುಮ್ಮನಿರಲಿಲ್ಲ.

“ಹೊಸ ಒಲೆ ಆರಿಸಿ ಬಂದೆ,” ಎಂದರು ಕೇಕಮ್ಮ, ಚೀಲ ಕೆಳಗಿಡುತ್ತಾ. “ನಾಳೆ ಬೆಳಿಗ್ಗೆ ತಂದು ಕೂರಿಸ್ತಾರೆ.”

ಮಗ ತುತ್ತು ಕೆಳಗಿಟ್ಟ. “ಕೇಳಿಸ್ಕೊಂಡ್ಯಾ?” ಎಂದು ಹೆಂಡತಿಗೆ ಹೇಳಿ, ನನ್ನ ಕಡೆ ತಿರುಗಿದ. “ಮೇಡಂ, ಅಮ್ಮನ ತಲೆ ಕೆಟ್ಟಿದೆ, ನಿಮ್ಮದೂ ಕೆಟ್ಟಿದ್ಯಾ? ಮೂರು ಸಲ ಮನೆ ಸುಡೋಕೆ ಹೋದೋರನ್ನ ಒಲೆ ಅಂಗಡಿಗೆ ಕರ್ಕೊಂಡು ಹೋಗ್ತೀರಾ? ಅರವತ್ತಕ್ಕೆ ಅರಳುಮರಳು ಅಂತ ಸುಮ್ನೆ ಹೇಳಿಲ್ಲ ಹಿರಿಯರು.”

“ಅರಳಿದೆಯೋ ಮರಳಿದೆಯೋ ನಾಳೆ ನೋಡ್ಕೊಳ್ಳೋಣ,” ಎಂದರು ಕೇಕಮ್ಮ. “ಈಗ ಪತ್ತೇದಾರಮ್ಮ ಏನೋ ಹೇಳ್ಬೇಕಂತೆ, ಕೇಳು.”

ನಾನು ಹೇಳಿದೆ. ಫೋನಿನ ಗುಂಡಿ, ಮುಚ್ಚಿದ ಬಾಗಿಲು, ಡ್ರಾಯರಿನ ಸೌಟು. ಬೆಂಕಿ ಹತ್ತಿದಾಗ ಯಾರು ಎಲ್ಲಿದ್ದರು ಎನ್ನುವುದಕ್ಕೆ ಇನ್ನು ಕವಡೆ ಕಾಸಿನ ಬೆಲೆಯಿಲ್ಲ, ಈ ಮನೆಯಲ್ಲಿ ಮಧ್ಯಾಹ್ನ ಕೊನೆಗೆ ಓವನ್ನಿನ ಮುಂದೆ ನಿಂತವರು ಯಾರು ಎನ್ನುವುದೇ ಲೆಕ್ಕ ಎಂದೆ. ಊಟಕ್ಕೆ ಬಂದು ಹೋಗುವವರು ನೀವಿಬ್ಬರೇ ಎಂದೂ ಸೇರಿಸಿ ಹೇಳಿದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಇತ್ತು.

ಸೊಸೆ ಎದ್ದು ನಿಂತಳು. ಮುಖ ಕೆಂಪಾಗಿತ್ತು. “ನಾನು ಅತ್ತೆ ಜೊತೆ ಜಗಳ ಆಡಿದ್ದೀನಿ. ಅವರ ಹಿಟ್ಟು, ಅವರ ತಟ್ಟೆ, ಈ ಮನೇಲಿ ಒಂದು ಲೋಟ ಇಡೋಕೂ ಜಾಗ ಇಲ್ಲ ಅಂತ ಮುಖಕ್ಕೇ ಹೇಳಿದ್ದೀನಿ. ಆದ್ರೆ ಕೊಲ್ಲೋಕೆ ಹೋಗಿಲ್ಲ. ತಗೊಳ್ಳಿ ನನ್ನ ಫೋನು. ಏನು ಬೇಕೋ ನೋಡ್ಕೊಳ್ಳಿ.” ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಕೇಕಮ್ಮ ಹೇಳಿದ್ದ ಹಾಗೆಯೇ.

ನೋಡಿದೆ. ಓವನ್ನಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ.

“ನಿಮ್ಮದು?” ಎಂದೆ ಮಗನಿಗೆ.

“ನಾನ್ಯಾಕೆ ಕೊಡಬೇಕು? ನೀವೇನು ಪೊಲೀಸಾ?”

“ಕೊಡ್ರೀ,” ಎಂದಳು ಹೆಂಡತಿ. “ನಾನು ಕೊಟ್ಟಿಲ್ವಾ?”

ಅವನು ತುಟಿ ಕಚ್ಚಿ ಫೋನಿನ ಲಾಕು ತೆಗೆದು ಮೇಜಿನ ಮೇಲಿಟ್ಟ. ನಾನು ತಡಕಾಡಿದೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಅದರಲ್ಲೂ ಏನೂ ಇರಲಿಲ್ಲ. ನನ್ನ ಮುಖ ಸಪ್ಪಗಾಯಿತು, ಅದನ್ನು ಅವನು ನೋಡಿದ.

“ಆಯ್ತಾ? ಆ ಗುಂಡಿ ಯಾತಕ್ಕೆ ಅಂತಾನೇ ನನಗೆ ಗೊತ್ತಿರ್ಲಿಲ್ಲ, ನೀವು ಹೇಳಿದ ಮೇಲೆ ಗೊತ್ತಾಗಿದ್ದು. ಇನ್ನು ನೀವು ಹೊರಡಬಹುದು. ಅಮ್ಮಾ, ನೀನು ಊಟ ಮಾಡಿ ಮಲ್ಕೋ.”

“ಮಲ್ಕೋತೀನಿ,” ಎಂದರು ಕೇಕಮ್ಮ. “ಅದಕ್ಕೂ ಮುಂಚೆ ಒಂದು ಕೆಲಸ ಇದೆ.”

ಅವರು ಗೋಡೆಯ ಹತ್ತಿರ ಹೋಗಿ ಸ್ವಿಚ್ಚಿನ ಮೇಲಿನ ಟೇಪಿಗೆ ಉಗುರು ಹಾಕಿದರು. ಚರ್ರನೆ ಕಿತ್ತುಬಂತು. ಸ್ವಿಚ್ ಹಾಕಿದರು.

“ಅಮ್ಮಾ, ಏನ್ ಮಾಡ್ತಿದ್ದೀಯ?”

“ನನ್ನ ಅಡುಗೆಮನೇಲಿ ನಾನು ಏನು ಮಾಡ್ತೀನಿ ಅಂತ ನಿನಗೆ ಲೆಕ್ಕ ಕೊಡ್ಬೇಕಾ?” ಅವರು ಬಾಗಿಲಿಗೆ ಸಿಗಿಸಿದ್ದ ಸೌಟನ್ನು ಎಳೆದು ಮೇಜಿನ ಮೇಲಿಟ್ಟರು. ಓವನ್ನಿನ ಬಾಗಿಲನ್ನು ಅಂಗೈಯಿಂದ ಒತ್ತಿ ಮುಚ್ಚಿದರು. ಕನ್ನಡಕ ಸರಿಮಾಡಿಕೊಂಡು ಗುಂಡಿಗಳನ್ನು ಒಂದೊಂದಾಗಿ ನೋಡಿದರು. “ಆ ಟೈಯವನು ಒತ್ತಿದ್ದು ಇದನ್ನೇ ಅಲ್ವಾ?”

“ಅದನ್ನ ಒತ್ತಬೇಡ,” ಎಂದ ಮಗ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ನನ್ನ ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇಷ್ಟು ಬೇಗ ಮುಟ್ಟಿಕೊಂಡವನನ್ನು ಕಂಡಿರಲಿಲ್ಲ.

ಕೇಕಮ್ಮನೂ ಅದನ್ನು ಕೇಳಿಸಿಕೊಂಡರು. ಮಗನ ಕಡೆ ತಿರುಗಿ ಅವನ ಮುಖವನ್ನು ಚೆನ್ನಾಗಿ ನೋಡಿದರು. ಆಮೇಲೆ ಗುಂಡಿ ಒತ್ತಿದರು. ಫೋನಿನ ಚಿತ್ರ ಹಸಿರಾಯಿತು.

ಅವನ ಕೈ ಮೇಜಿನ ಮೇಲಿದ್ದ ತನ್ನ ಫೋನಿಗೆ ಹಾರಿತು. ಅದಕ್ಕಿಂತ ಮೊದಲು ನನ್ನ ಕೈ ಅದರ ಮೇಲೆ ಬಿದ್ದಿತ್ತು. “ಯಾರಿಗೆ ಫೋನ್ ಮಾಡ್ಬೇಕಿತ್ತು ಡಾಕ್ಟ್ರೇ?”

“ಆಸ್ಪತ್ರೆಗೆ. ಪೇಷಂಟು ಕಾಯ್ತಿದ್ದಾರೆ.”

“ಕಾಯ್ಲಿ. ಹಲ್ಲು ಎಲ್ಲೂ ಓಡಿಹೋಗಲ್ಲ.”

ಕೇಕಮ್ಮ ಕುರ್ಚಿ ಎಳೆದು ಓವನ್ನಿನ ಎದುರಿಗೇ ಕೂತರು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಸೊಸೆ ಗಂಡನ ಮುಖ ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ. ನನ್ನ ಫೋನೂ ಸೇರಿ ಮೂರು ಫೋನುಗಳು ಮೇಜಿನ ಮೇಲೆ ಕಪ್ಪಾಗಿ ಮಲಗಿದ್ದವು.

ಓವನ್ನಿನ ಒಳಗೆ ದೀಪ ಹತ್ತಿತು. ಫ್ಯಾನು ಸುತ್ತತೊಡಗಿತು. ಶಾಖ ತೋರಿಸುವ ಅಂಕಿಗಳು ಏರತೊಡಗಿದವು.

“ಅಯ್ಯೋ ದೇವರೇ,” ಎಂದಳು ಸೊಸೆ, ಮೇಜು ಹಿಡಿದುಕೊಂಡು.

“ನೋಡ್ಕೊಳ್ಳಿ ಎಲ್ಲರೂ,” ಎಂದರು ಕೇಕಮ್ಮ. “ನನ್ನ ಕೈ ಇಲ್ಲಿದೆ. ನನ್ನ ತಲೆಯೂ ಇಲ್ಲೇ ಇದೆ. ನನಗೆ ಮರೆವು ಅಂದ್ರಲ್ಲ, ಊರಿಗೆಲ್ಲ ಸಾರಿಕೊಂಡು ಬಂದ್ರಲ್ಲ. ಈಗ ಹೇಳಿ, ಯಾರು ಹಚ್ಚಿದ್ದು?”

ಆಗ ಅವರ ಸೊಂಟದ ಚೀಲದಲ್ಲಿ ಫೋನು ರಿಂಗಾಯಿತು. ಗುಂಡಿಗಳಿರುವ ಹಳೇ ಕಾಲದ ಫೋನು, ಎದುರಿಗಿರುವವರಿಗೆಲ್ಲ ಕೇಳಿಸುವಷ್ಟು ಜೋರು.

“ಅಮ್ಮಾ, ಮಲಗಿದ್ಯಾ?” ಹೆಣ್ಣು ದನಿ. ಮಗಳು.

ಕೇಕಮ್ಮನ ಮುಖದಲ್ಲಿ ಆದದ್ದನ್ನು ನೋಡಲಾರದೆ ನಾನು ಬೇರೆ ಕಡೆ ತಿರುಗಿದೆ. ನಾನು ಒಗಟು ಬಿಡಿಸಿದ ಖುಷಿಯಲ್ಲಿರಬೇಕಿತ್ತು. ಇರಲಿಲ್ಲ.

“ಇಲ್ಲ ಪುಟ್ಟೀ. ಎದ್ದಿದ್ದೀನಿ. ಓವನ್ ಮುಂದೆ ಕೂತಿದ್ದೀನಿ.”

ಕೇಕಮ್ಮ ಫೋನನ್ನು ಓವನ್ನಿನ ಹತ್ತಿರಕ್ಕೆ ಒಯ್ದು ಮತ್ತೆ ಕಿವಿಗೆ ತಂದರು.

“ಉರೀತಾ ಇದೆ. ಹಚ್ಚಿದ್ದು ನಾನಲ್ಲ. ನಿನ್ನ ಅಣ್ಣನೂ ಅಲ್ಲ, ಅವನ ಫೋನು ಮೇಜಿನ ಮೇಲಿದೆ. ಈ ಸಲ ಗುಂಡಿ ಒತ್ತಿದ್ದು ಮಾತ್ರ ನಾನು, ಅವನಲ್ಲ. ಯಾರು ಹಚ್ಚಿದ್ರೋ ಅವರೇ ಆರಿಸ್ಲಿ. ನಾನು ಕೈ ಹಾಕಲ್ಲ.”

ನಾವೆಲ್ಲ ಓವನ್ನನ್ನೇ ನೋಡುತ್ತಿದ್ದೆವು. ಅಂಕಿ ಇನ್ನೂ ಒಂದೆರಡು ಮೆಟ್ಟಿಲು ಏರಿತು. ಆಮೇಲೆ ದೀಪ ಆರಿತು. ಫ್ಯಾನು ನಿಧಾನವಾಗಿ ನಿಂತಿತು.

ಮಗ ಕುಸಿದು ನೆಲದ ಮೇಲೆಯೇ ಕೂತುಬಿಟ್ಟ. ಒಂದು ವರ್ಷದಿಂದ ಮಾತೇ ಇಲ್ಲ ಎಂದು ಲೋಕಕ್ಕೆ ತೋರಿಸಿಕೊಂಡ ಅಣ್ಣ ತಂಗಿ. ಇವನು ಬಾಗಿಲು ಮುಚ್ಚಿ ಪೇಷಂಟಿನ ಬಾಯಿಗೆ ಕೈ ಹಾಕುವುದು, ಅವಳು ಬೇರೆ ಊರಲ್ಲಿ ಕೂತು, ಫೋನಿಗೆ ಸುದ್ದಿ ಬಂದ ಮೇಲೆ ಹಚ್ಚುವುದು.

“ಅಮ್ಮಾ…” ಫೋನಿನಲ್ಲಿ ಅಳು.

“ಅಳಬೇಡ. ಅಳೋ ಸರದಿ ನಂದು, ಅದೂ ಈಗಲ್ಲ. ಯಾಕೆ ಮಾಡಿದ್ರಿ ಅದನ್ನ ಹೇಳು.”

“ಮನೆ ಮಾರೋಣ ಅಂದ್ರೆ ನೀನು ಒಪ್ಪಲಿಲ್ಲ. ಅಣ್ಣನಿಗೂ ಕಷ್ಟ, ನನಗೂ ಕಷ್ಟ. ಡಾಕ್ಟ್ರು ಬರೆದುಕೊಟ್ರೆ ಸಾಕು ಅಂದ್ಕೊಂಡ್ವಿ. ನಿನಗೇನೂ ಆಗಬಾರದು ಅಂತಾನೇ ಪ್ರತಿ ಸಲ ನಿನ್ನ ಎಬ್ಬಿಸೋಕೆ ಫೋನ್ ಮಾಡ್ತಿದ್ದೆ ಅಮ್ಮ. ಆ ರಟ್ಟಿನ ಡಬ್ಬಿ ಇಟ್ಟಿದ್ದು ನನಗೆ ಗೊತ್ತಿರ್ಲಿಲ್ಲ, ಆಣೆ.”

“ಹೊಗೆಯಲ್ಲಿ ಫೋನ್ ಎತ್ತೋಳು ಯಾರು ಮಗಳೇ?” ಎಂದರು ಕೇಕಮ್ಮ. “ಮೂರು ಸಲ. ಹೆತ್ತವಳಿಗೆ ಮೂರು ಸಲ.”

“ಎರಡು ಸಲ.”

“ಏನಂದೆ?”

“ನಾವು ಮಾಡಿದ್ದು ಎರಡೇ ಸಲ. ಮೊದಲನೇ ಸಲ ನಾವಲ್ಲಮ್ಮ. ಆಗ ನನ್ನ ಫೋನಿಗೆ ಆ ಓವನ್ನು ಸೇರಿಸಿಯೇ ಇರ್ಲಿಲ್ಲ. ಅವತ್ತು ಅದು ನಿಜವಾಗ್ಲೂ ಉರೀತಾ ಇತ್ತು. ಅದನ್ನ ನೋಡಿಯೇ ಅಣ್ಣನಿಗೆ ಈ ಉಪಾಯ ಹೊಳೆದಿದ್ದು.”

ನಾನು ಮಗನ ಕಡೆ ನೋಡಿದೆ. ಅವನು ತಲೆ ಎತ್ತದೆಯೇ ಹೌದೆಂಬಂತೆ ಆಡಿಸಿದ. ಹಲ್ಲು ಕಚ್ಚಿಕೊಂಡು ಸುಳ್ಳು ಹೇಳುವವರನ್ನು ನಾನು ಬಲ್ಲೆ. ಅವನು ಹಲ್ಲು ಕಚ್ಚಿರಲಿಲ್ಲ.

ಕೇಕಮ್ಮ ಫೋನು ಆರಿಸಿದರು. ಸೊಸೆ ಬಂದು ಅವರ ಕುರ್ಚಿಯ ಹಿಂದೆ ನಿಂತು, ಭುಜದ ಮೇಲೆ ಕೈ ಇಟ್ಟಳು. ಅವರು ಅದನ್ನು ತೆಗೆಯಲಿಲ್ಲ.

“ಸುಳ್ಳು ಹೇಳ್ತಿದ್ದಾಳೆ ಅಲ್ವಾ?” ಎಂದು ನನ್ನನ್ನು ಕೇಳಿದರು. ಬೆಳಗಿನಿಂದ ಅವರು ನನಗೆ ಹೇಳುತ್ತಲೇ ಬಂದಿದ್ದರು, ಕೇಳಿದ್ದು ಇದೇ ಮೊದಲು.

ಆ ಮೊದಲನೇ ದಿನ ಮಗ ಆಸ್ಪತ್ರೆಯಲ್ಲಿದ್ದ, ಸೊಸೆ ಅಂಗಡಿಯಲ್ಲಿದ್ದಳು, ಖಾಲಿ ಓವನ್ನಿನ ಬಾಗಿಲು ಮುಚ್ಚಿತ್ತು. ನನಗೆ ಅಷ್ಟೇ ಗೊತ್ತಿದ್ದದ್ದು.

ಮಗ ಕೈ ಊರಿ ಎದ್ದ. “ಅಮ್ಮಾ, ನಾಳೆ ಆ ಡಾಕ್ಟ್ರು ಬರೋದು ಬೇಡ. ಈಗಲೇ ಫೋನ್ ಮಾಡಿ ಹೇಳಿಬಿಡ್ತೀನಿ.”

“ಯಾಕೆ ಬೇಡ?” ಎಂದರು ಕೇಕಮ್ಮ. ಬೆನ್ನು ನೆಟ್ಟಗಾಯಿತು. “ಬರ್ಲಿ. ಪುಟ್ಟೀನೂ ಕರೆಸು, ನೀವಿಬ್ರೂ ಆ ಮೂಲೇಲಿ ನಿಂತ್ಕೊಳ್ಳಿ. ಹೊಸ ಒಲೆ ಮುಂದೆ ನಾನು ಕೂತಿರ್ತೀನಿ, ಅವರು ಏನು ಬೇಕಾದ್ರೂ ಕೇಳ್ಲಿ. ನಿಮಗೋಸ್ಕರ ಅಲ್ಲ. ಆ ಮೊದಲನೇ ಸಲ ಮರೆತಿದ್ದು ನಾನೇನಾ ಅಂತ ನನಗೆ ಗೊತ್ತಾಗ್ಬೇಕು.”